ಪೇಪರ್ ಟೌನಿನ ಮಕ್ಕಳು ಎಂತ ಓದ್ಬೇಕು?

ಹದಿಮೂರರಿಂದ ಹದಿನೇಳು ವರ್ಷದ ಮಕ್ಕಳಿಗೆ ಅಂತ ಬರೆದ ಕಾದಂಬರಿಗಳನ್ನ ನಾನು ನನಗೋಸ್ಕರ ಓದ್ತೀನಿ. ನಲವತ್ತಾರು ವರ್ಷ ಆಯ್ತು, ಇರಾದು ಶಿವಮೊಗ್ಗದಲ್ಲಿ, ದಿನಾ ಬಸ್ಸಲ್ಲಿ ಭದ್ರಾವತಿಗೆ ಹೋಗಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಪಾಠ ಮಾಡಾದು. ಮನೇಲಿ ಇಬ್ರು ಮಕ್ಕಳು, ಅತ್ತೆ, ಬೆಳಿಗ್ಗೆ ಕಾವಲಿ ಮೇಲೆ ರೊಟ್ಟಿ, ಸಂಜೆ ನೋಟ್ಸ್ ತಿದ್ದಾದು. ಇಷ್ಟೆಲ್ಲ ಇಟ್ಕಂಡು ಇವಳು ಇನ್ನೂ ಹುಡುಗ್ರ ಪುಸ್ತಕ ಓದ್ತಾಳಲ್ಲ ಅಂತ ಸ್ಟಾಫ್ ರೂಮಲ್ಲಿ ನಗ್ತಾರೆ. ನಗ್ಲಿ ಬಿಡಿ. ನಾನು ಎಂತಕ್ಕೆ ಓದ್ತೀನಿ, ಬೇರೆ ಟೀಚರುಗಳೂ ಅಪ್ಪ ಅಮ್ಮಂದ್ರೂ ಎಂತಕ್ಕೆ ಓದ್ಬೇಕು ಅನ್ನಾದನ್ನ ಇವತ್ತು ಒಂದು ಸಲ ಸರಿಯಾಗಿ ಹೇಳಿಬಿಡ್ತೀನಿ.

ಹೋದ ದಸರಾ ರಜೆಲಿ ನನ್ನ ತಮ್ಮನ ಮಗಳು ಬೆಂಗಳೂರಿಂದ ಬಂದವಳು ಒಂದು ಇಂಗ್ಲಿಷ್ ಪುಸ್ತಕ ನಮ್ಮನೇಲೇ ಬಿಟ್ಟು ಹೋದ್ಲು. ಅಮೆರಿಕದ ಜಾನ್ ಗ್ರೀನ್ 2008ರಲ್ಲಿ ಬರೆದ ‘ಪೇಪರ್ ಟೌನ್ಸ್’. ಊಟದ ಟೇಬಲ್ ಮೇಲೆ ಬಿದ್ದಿದ್ದನ್ನ ಅತ್ತೆ ಕನ್ನಡಕ ಸರಿ ಮಾಡ್ಕಂಡು ನೋಡಿ, “ಎಂತದೇ ಇದು, ಭದ್ರಾವತಿ ಬಗ್ಗೆ ಬರ್ದಿದಾರಾ?” ಅಂದ್ರು.

ಅತ್ತೆ ಕೇಳಿದ್ದರಲ್ಲಿ ತಪ್ಪೆಂತದೂ ಇಲ್ಲ. ಭದ್ರಾವತಿಲಿ ಪೇಪರ್ ಟೌನ್ ಅಂದ್ರೆ ಬಸ್ ಕಂಡಕ್ಟರಿಗೂ ಗೊತ್ತು, ತರಕಾರಿ ಗಾಡಿಯವನಿಗೂ ಗೊತ್ತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಶುರುವಾದ ಮೇಲೆ ಅದರ ಸುತ್ತ ಬೆಳೆದ ಊರು. ಈ ಕಡೆ ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣದ ಕಾರ್ಖಾನೆ, ಆ ಕಡೆ ಕಾಗದದ ಕಾರ್ಖಾನೆ. ಕನ್ನಡದ ಪೇಪರಿಗೆ, ಪುಸ್ತಕಕ್ಕೆ ಕಾಗದ ಇಲ್ಲಿಂದ ಹೋಗ್ತಿತ್ತು. 2015ರ ಸುಮಾರಿಗೆ ಕಾಗದ ಮಾಡಾದು ನಿಂತು ಹೋಯ್ತು. ಹೆಸರು ಮಾತ್ರ ಹಂಗೇ ಉಳ್ಕಂಡಿದೆ.

ಗ್ರೀನ್ ಹೇಳೋ ಪೇಪರ್ ಟೌನ್ ಬೇರೆ. ನಕ್ಷೆ ಮಾಡೋರು ತಮ್ಮ ನಕ್ಷೆನ ಬೇರೆಯವ್ರು ಕದ್ದು ಅಚ್ಚು ಹಾಕಿದ್ರೆ ಸಿಕ್ಕಿಬೀಳ್ಲಿ ಅಂತ ಇಲ್ಲದ ಊರಿನ ಹೆಸರೊಂದನ್ನ ಮಧ್ಯೆ ಸೇರಿಸ್ತಿದ್ರಂತೆ. ಕಾಗದದ ಮೇಲೆ ಉಂಟು, ನೆಲದ ಮೇಲೆ ಇಲ್ಲ. ಕಥೆಲಿ ಕ್ವೆಂಟಿನ್ ಅನ್ನೋ ಹುಡುಗ, ಪಕ್ಕದ ಮನೆ ಮಾರ್ಗೋ ಅನ್ನೋ ಹುಡುಗಿ. ಒಂದು ದಿನ ಅವಳು ಮನೆ ಬಿಟ್ಟು ಹೋಗ್ತಾಳೆ. ಇವನು ಗೆಳೆಯರನ್ನ ಕಟ್ಕಂಡು ಅವಳು ಬಿಟ್ಟುಹೋದ ಸುಳಿವು ಹಿಡ್ಕಂಡು ಹುಡುಕ್ತಾ ಹೋಗ್ತಾನೆ. ಕೊನೆಗೆ ಅವಳು ಸಿಕ್ಕಿದಾಗ ಅವನಿಗೆ ತಿಳಿಯೋದು ಒಂದೇ ವಿಷಯ: ಇಷ್ಟು ವರ್ಷ ಅವನು ತಲೇಲಿ ಇಟ್ಕಂಡಿದ್ದ ಮಾರ್ಗೋಗೂ ಎದುರಿಗೆ ನಿಂತಿರೋ ಹುಡುಗಿಗೂ ಸಂಬಂಧ ಕಮ್ಮಿ.

ರಾತ್ರಿ ಪಾತ್ರೆ ಎಲ್ಲ ತೊಳೆದು ಆದ ಮೇಲೆ ಕೂತು ಓದಿ ಮುಗಿಸಿದೆ. ಓದಿ ಮುಗಿಸಿ ನನಗೆ ನೆನಪಾದದ್ದು ನಮ್ಮ ಒಂಬತ್ತನೇ ಕ್ಲಾಸು. ನಲವತ್ತು ಮಕ್ಕಳ ಹೆಸರು ನನಗೆ ಬಾಯಿಪಾಠ. ಯಾರಿಗೆ ಒತ್ತಕ್ಷರ ತಪ್ತದೆ, ಯಾರ ಮನೇಲಿ ಫೀಸ್ ಕಟ್ಟಕ್ಕೆ ಕಷ್ಟ, ಎಲ್ಲ ಗೊತ್ತು. ಆದ್ರೆ ಅದು ಟೀಚರ್ ಕುರ್ಚಿಲಿ ಕೂತು ಕಂಡದ್ದು. ಆ ಕುರ್ಚಿಯಿಂದ ಕಾಣದೇ ಇರಾದು ಎಷ್ಟೋ ಇರ್ತದೆ. ಹದಿಹರೆಯದವರ ಕಾದಂಬರಿ ಓದೋವಾಗ ನಾನು ಆ ಕುರ್ಚಿಯಿಂದ ಎದ್ದು ಹಿಂದಿನ ಬೆಂಚಲ್ಲಿ ಹೋಗಿ ಕೂತ್ಕಂಡಂಗೆ ಆಗ್ತದೆ. ನಾನು ಇವನ್ನ ಓದಾದು ಇದೇ ಕಾರಣಕ್ಕೆ.

ಇಂಗ್ಲಿಷಲ್ಲಿ ಈ ವಯಸ್ಸಿನವರಿಗೆ ಅಂತ ಪುಸ್ತಕದ ಅಂಗಡಿಲಿ ಬೇರೆ ಬೀರುನೇ ಇರ್ತದೆ. ಅದು ಗಟ್ಟಿ ಆಗಿದ್ದರಲ್ಲಿ ಒಬ್ಬ ಹುಡುಗಿ ಪಾಲೂ ಇದೆ. ಎಸ್. ಇ. ಹಿಂಟನ್ ಅನ್ನೋ ಅಮೆರಿಕದ ಹುಡುಗಿ ಹದಿನೈದನೇ ವಯಸ್ಸಿಗೆ ‘ದಿ ಔಟ್‌ಸೈಡರ್ಸ್’ ಬರೆಯಕ್ಕೆ ಶುರು ಮಾಡಿ, 1967ರಲ್ಲಿ ಪುಸ್ತಕ ಬಂದಾಗ ಅವಳಿಗೆ ಹದಿನೆಂಟು. ಹುಡುಗ್ರ ಜಗಳದ ಕಥೆನ ಹುಡುಗಿ ಬರೆದಿದಾಳೆ ಅಂತ ಗೊತ್ತಾದ್ರೆ ಯಾರೂ ಓದಲ್ಲ ಅನ್ನೋ ಹೆದರಿಕೆಗೆ ಹೆಸರಿನ ಮೊದಲ ಅಕ್ಷರ ಮಾತ್ರ ಹಾಕಿಸಿದ್ರು. ಊರಿನ ಬಡ ಕಡೆಯ ಹುಡುಗ್ರು, ಶ್ರೀಮಂತ ಕಡೆಯ ಹುಡುಗ್ರು, ಅವರ ಮಧ್ಯದ ದ್ವೇಷ. ದೊಡ್ಡೋರು ಅದರಲ್ಲಿ ಹೆಚ್ಚು ಕಾಣ್ಸಾದೇ ಇಲ್ಲ.

ನಮ್ಮಲ್ಲಿ ಆ ಬೀರು ಇರ್ಲಿಲ್ಲ, ಆದ್ರೆ ಓದು ಇತ್ತು. ನಮ್ಮತ್ತೆಗೆ ಈಗ ಎಪ್ಪತ್ತೆಂಟು. ಹದಿನೈದನೇ ವಯಸ್ಸಿಗೆ ತ್ರಿವೇಣಿ ಕಾದಂಬರಿ ಓದ್ತಿದ್ರಂತೆ. ಬಾಡಿಗೆಗೆ ಪುಸ್ತಕ ಕೊಡೋ ಲೈಬ್ರರಿಯಿಂದ ಅವರ ಅಣ್ಣ ತಂದುಕೊಡ್ತಿದ್ದ, ಇವರು ಅಕ್ಕಿ ಡಬ್ಬಿ ಹಿಂದೆ ಮುಚ್ಚಿಟ್ಟು ಓದ್ತಿದ್ರು. ಆಮೇಲೆ ಎಂ. ಕೆ. ಇಂದಿರಾ. “ನಮ್ಮ ತೀರ್ಥಹಳ್ಳಿಯವ್ರು ಬರ್ದಿದ್ದು ಕಣೇ, ನಮ್ಮ ಮನೆ ಮಾತೇ ಇತ್ತು ಅದರಲ್ಲಿ” ಅಂತ ಈಗ್ಲೂ ಹೇಳ್ತಾರೆ. ಮದುವೆ ಅಂದ್ರೆ ಎಂತದು, ಗಂಡನ ಮನೆ ಅಂದ್ರೆ ಎಂತದು, ಮನಸ್ಸಿಗೂ ಕಾಯಿಲೆ ಬರ್ತದೆ ಅನ್ನಾದು, ಇದನ್ನೆಲ್ಲ ಅವರಿಗೆ ಯಾರೂ ಕೂರಿಸ್ಕಂಡು ಹೇಳ್ಲಿಲ್ಲ. ತ್ರಿವೇಣಿ ಹೇಳಿದ್ರು. ಕಿಶೋರ ಕಾದಂಬರಿ ಅನ್ನೋ ಹೆಸರಿಲ್ಲದೆ ಇದ್ರೂ ನಮ್ಮ ಅಮ್ಮ, ಅತ್ತೆಯರಿಗೆ ಇವೇ ಆ ಕೆಲಸ ಮಾಡಿದ್ದು.

ಈಗಿನ ಮಕ್ಕಳ ಕಥೆ ಬೇರೆ. ನಮ್ಮ ಅಕ್ಕಪಕ್ಕದ ಇಂಗ್ಲಿಷ್ ಮೀಡಿಯಂ ಮಕ್ಕಳು ಹ್ಯಾರಿ ಪಾಟರ್ ಓದ್ತಾರೆ. ನನ್ನ ಕ್ಲಾಸಿನ ಹುಡುಗೀರು ಅಮ್ಮನ ಮೊಬೈಲಲ್ಲಿ ಪ್ರತಿಲಿಪಿ ತೆಗೆದು ಧಾರಾವಾಹಿ ಓದ್ತಾರೆ. ಅದೂ ಓದೇ, ನಾನು ಬೇಡ ಅನ್ನಲ್ಲ. ಶಾಲೆ ಲೈಬ್ರರಿಲಿ ಸಿಗಾದು ಎರಡೇ ಥರದ್ದು: ಆರನೇ ಕ್ಲಾಸಿಗೇ ಮುಗಿದುಹೋಗ್ಬೇಕಾದ ನರಿ–ಕಾಗೆ ಕಥೆ, ಇಲ್ಲಾಂದ್ರೆ ಸಾಧಕರ ಜೀವನ ಚರಿತ್ರೆ. ಹದಿನಾಲ್ಕು ವರ್ಷದ ಹುಡುಗ ನರಿನೂ ಅಲ್ಲ, ಇನ್ನೂ ಸಾಧಕನೂ ಅಲ್ಲ. ಅವನು ಎಲ್ಲಿ ಹೋಗ್ಬೇಕು ಹೇಳಿ?

ಹಂಗಂತ ಕನ್ನಡದಲ್ಲಿ ಬರೆಯೋರಿಲ್ಲ ಅನ್ನಂಗಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಅಂತ ಕೊಡ್ತಾ ಬಂದಿದೆ. ಕನ್ನಡಕ್ಕೆ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಮೂರು ವರ್ಷವೂ ಮಕ್ಕಳ ಕಾದಂಬರಿಗೇ ಬಂದದ್ದು. ಈ ಮೂರು ಹೆಸರನ್ನ ನಮ್ಮ ಸ್ಟಾಫ್ ರೂಮಲ್ಲಿ ಕೇಳಿ ನೋಡಿದೆ. ಹನ್ನೊಂದು ಜನರಲ್ಲಿ ಒಬ್ಬರಿಗೆ ಒಂದು ಗೊತ್ತಿತ್ತು. ಪುಸ್ತಕ ಬರ್ತಾ ಇದೆ, ಮಕ್ಕಳಿಗೂ ಪುಸ್ತಕಕ್ಕೂ ಮಧ್ಯೆ ನಿಂತಿರೋ ನಾವು ಓದ್ತಾ ಇಲ್ಲ. ನನ್ನ ತಕರಾರು ಇರಾದು ಇಲ್ಲಿ.

ಇನ್ನು ಹಳೇ ಪುಸ್ತಕ. ನಮ್ಮ ಜಿಲ್ಲೆಯ ಕುಪ್ಪಳಿಲಿ ಹುಟ್ಟಿದ ತೇಜಸ್ವಿ 1980ರಲ್ಲಿ ಬರೆದ ‘ಕರ್ವಾಲೊ’ನ ಎಲ್ಲರೂ ಪರಿಸರದ ಕಾದಂಬರಿ, ವಿಜ್ಞಾನದ ಕಾದಂಬರಿ ಅಂತಾರೆ. ಸರಿನೇ. ಆದ್ರೆ ಟೀಚರ್ ಆಗಿ ಓದಿದಾಗ ನನಗೆ ಅದು ಮಂದಣ್ಣನ ಕಾದಂಬರಿ. ಊರವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವ. ಜೇನು ಹುಡುಕ್ಕಂಡು ಕಾಡು ತಿರುಗ್ತಾನೆ, ಮದುವೆ ಆಗ್ಬೇಕು ಅಂತ ಒದ್ದಾಡ್ತಾನೆ. ವಿಜ್ಞಾನಿ ಕರ್ವಾಲೊ ಮಾತ್ರ ಅವನನ್ನ ಬೇರೆ ಥರ ನೋಡ್ತಾರೆ. ಇವನ ಕಣ್ಣಿಗೆ ಬೀಳೋದು ಬೇರೆಯವರ ಕಣ್ಣಿಗೆ ಬೀಳಲ್ಲ ಅನ್ನಾದು ಅವರಿಗೆ ಗೊತ್ತು. ಹಾರೋ ಓತಿ ಹುಡುಕ್ಕಂಡು ಹೋಗೋವಾಗ ಅವನಿಲ್ಲದೆ ಕೆಲಸ ಸಾಗಲ್ಲ.

ನಮ್ಮ ಶಾಲೆಲಿ ಎಷ್ಟು ಮಂದಣ್ಣಂದ್ರು ಇದಾರೆ ಗೊತ್ತಾ ಮಾರಾಯ್ರೆ? ಒಬ್ಬ ಹುಡುಗ ಇದಾನೆ, ಭದ್ರಾ ಹೊಳೆಲಿ ಯಾವ ತಿಂಗಳಲ್ಲಿ ಯಾವ ಮೀನು ಎಲ್ಲಿ ಸಿಗ್ತದೆ ಅಂತ ಹೇಳ್ತಾನೆ. ಕನ್ನಡದಲ್ಲಿ ಮೂವತ್ತೈದು ದಾಟಿಸಕ್ಕೆ ನಾವಿಬ್ರೂ ಒದ್ದಾಡ್ತೀವಿ. ‘ಕರ್ವಾಲೊ’ದ ಮೊದಲ ಇಪ್ಪತ್ತು ಪುಟ ನಾನೇ ಕ್ಲಾಸಲ್ಲಿ ಗಟ್ಟಿಯಾಗಿ ಓದಿದೆ. ಮಿಕ್ಕಿದ್ದನ್ನ ಅವನು ಮನೆಗೆ ತಗಂಡು ಹೋದ. ಒಂದೂವರೆ ತಿಂಗಳು ಆಯ್ತು ಮುಗಿಸಕ್ಕೆ. ಕೊನೆಲಿ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿ ಹೋಗ್ತದಲ್ಲ, ಅದಕ್ಕೆ ಅವನು ಹೇಳಿದ್ದು: “ಒಳ್ಳೇದಾಯ್ತು ಮಿಸ್. ಸಿಕ್ಕಿದ್ರೆ ಬಾಟ್ಲಿಲಿ ಹಾಕಿ ಇಡ್ತಿದ್ರು.” ಪರೀಕ್ಷೆಲಿ ಅವನಿಗೆ ಮಾರ್ಕ್ಸ್ ಜಾಸ್ತಿ ಆಗ್ಲಿಲ್ಲ. ಅದಕ್ಕೋಸ್ಕರ ಓದ್ಸಿದ್ದೂ ಅಲ್ಲ.

ಇನ್ನೊಬ್ಬರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಲಿ ಕೆಲಸ ಮಾಡ್ಕಂಡು, ಶರಾವತಿ ಯೋಜನೆ ಹೊತ್ತಿನಲ್ಲಿ ಊರು ಮುಳುಗಾದನ್ನ ಹತ್ತಿರದಿಂದ ನೋಡಿದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತು, ರಾಜ್ಯಕ್ಕೆಲ್ಲ ಕರೆಂಟ್ ಬಂತು, ಎಷ್ಟೋ ಊರು ನೀರೊಳಗೆ ಹೋಯ್ತು. ಅಲ್ಲಿಂದ ಎದ್ದು ಬಂದವರನ್ನ ಶಿವಮೊಗ್ಗ ಸುತ್ತಮುತ್ತ ಇವತ್ತಿಗೂ ‘ಮುಳುಗಡೆಯವ್ರು’ ಅಂತಲೇ ಕರೀತಾರೆ. ಅವರ ಮೊಮ್ಮಕ್ಕಳು, ಮರಿಮಕ್ಕಳು ಈಗ ನಮ್ಮ ಕ್ಲಾಸಲ್ಲಿದಾರೆ. ಕೂತ ಜಾಗಕ್ಕೆ ಹಕ್ಕುಪತ್ರ ಬರಬೇಕು ಅಂತ ಕಾಯ್ತಿರೋ ಮನೆಗಳು ಇನ್ನೂ ಇವೆ. ಡಿಸೋಜರು ಮಕ್ಕಳಿಗಾಗಿ ಬರೆದ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಬಂತು. 2025ರ ಜನವರಿಲಿ ಅವರು ತೀರಿಕೊಂಡಾಗ ಪೇಪರಲ್ಲಿ ಎಲ್ಲ ‘ದ್ವೀಪ’ದ ಮಾತೇ. ಕಾಸರವಳ್ಳಿ ಸಿನಿಮಾ ಮಾಡಿದ್ದಕ್ಕೆ ಅದು ಎಲ್ಲರಿಗೂ ಗೊತ್ತು. ಮಕ್ಕಳ ಪುಸ್ತಕದ ಬಗ್ಗೆ ಮಾತಾಡಿದವರು ಕಮ್ಮಿ.

‘ದ್ವೀಪ’ ದೊಡ್ಡವರ ಕಾದಂಬರಿನೇ. ಸಣ್ಣದು, ಹತ್ತನೇ ಕ್ಲಾಸಿನವರು ಎರಡು ದಿನದಲ್ಲಿ ಓದ್ತಾರೆ. ಮಳೆ ಹಿಡ್ಕಂಡಿದೆ, ಹೊಳೆ ನೀರು ದಿನಾ ಏರ್ತಾ ಇದೆ, ಊರವರೆಲ್ಲ ಹೋಗಿ ಆಯ್ತು, ಗಣಪಯ್ಯ ನಾಗವೇಣಿ ಮಾತ್ರ ಮನೆ ಬಿಡದೆ ಕೂತಿದಾರೆ. ಕೆಲವು ವರ್ಷದ ಹಿಂದೆ ಇದನ್ನ ಒಬ್ಬ ಹುಡುಗನಿಗೆ ಕೊಟ್ಟಿದ್ದೆ. ಅವರಪ್ಪ ಪೇಪರ್ ಟೌನಲ್ಲಿ ಕೆಲಸಕ್ಕಿದ್ದವರು, ಆಮೇಲೆ ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋದ್ರು. ಅಮ್ಮ, ಮಗ ಊರಲ್ಲೇ ಬಾಡಿಗೆ ಮನೆಗೆ ಬಂದ್ರು. ಪುಸ್ತಕ ವಾಪಸ್ ಕೊಡೋವಾಗ ಹೇಳಿದ: “ಮಿಸ್, ನಮ್ಮ ಲೈನೂ ಹಿಂಗೇ ಖಾಲಿ ಆಗಿದ್ದು. ದಿನಾ ಒಂದೊಂದು ಮನೆ. ನೀರು ಬರ್ಲಿಲ್ಲ ಅಷ್ಟೇ.”

ಆ ಹುಡುಗ ಕ್ಲಾಸಲ್ಲಿ ಎರಡು ವರ್ಷ ಬಾಯಿ ಬಿಟ್ಟವನಲ್ಲ. ಮನೇಲಿ ಹಿಂಗೆ ಆಗಿದೆ ಅಂತ ಹೇಳ್ಕಳಕ್ಕೆ ಅವನಿಗೆ ಮಾತು ಇರ್ಲಿಲ್ಲ. ಕೇಳಿದ್ರೆ “ಏನಿಲ್ಲ ಮಿಸ್” ಅಂತಿದ್ದ. ಗಣಪಯ್ಯನ ಬಗ್ಗೆ ಹೇಳ್ತಾ ಹೇಳ್ತಾ ಅಪ್ಪನ ಬಗ್ಗೆ ಹೇಳಿದ. ಅವತ್ತು ನಾನು ಆ ಪುಸ್ತಕ ಓದದೇ ಇದ್ದಿದ್ರೆ ಅವನು ಹೇಳಿದ್ದು ನನಗೆ ಅರ್ಥನೇ ಆಗ್ತಿರ್ಲಿಲ್ಲ. ಟೀಚರುಗಳು ಎಂತಕ್ಕೆ ಓದ್ಬೇಕು ಅಂದ್ರೆ ಇದಕ್ಕೇ.

ಈಗ ಬೇರೆ ಮಾತು. “ಇಂಥದ್ದೆಲ್ಲ ಮಕ್ಕಳಿಗೆ ಓದಿಸ್ಬಹುದಾ?” ಅಂತ ಕೇಳ್ತಾರೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ಇಂದಿರಾ ಅವರ ‘ಫಣಿಯಮ್ಮ’ ಕೊಟ್ಟಾಗ ಅವಳ ಅಮ್ಮ ಶಾಲೆಗೇ ಬಂದ್ರು. “ಮೇಡಂ, ತಲೆ ಬೋಳಿಸೋದು, ವಿಧವೆ ಅನ್ನೋದು, ಇದನ್ನೆಲ್ಲ ಈಗ್ಲೇ ಎಂತಕ್ಕೆ? ಮನಸ್ಸು ಕೆಡ್ತದೆ” ಅಂದ್ರು. ಆ ತಾಯಿ ಮಾತನ್ನ ನಾನು ತಳ್ಳಿ ಹಾಕಲ್ಲ. ಮಗಳ ಮೇಲೆ ಕಾಳಜಿ ಇಲ್ಲದವರು ಅರ್ಧ ದಿನದ ಕೂಲಿ ಬಿಟ್ಟು ಶಾಲೆಗೆ ಬರಲ್ಲ.

ಆದ್ರೂ ನನ್ನ ಅಭಿಪ್ರಾಯ ಬೇರೆ. ಫಣಿಯಮ್ಮ ಅನ್ನೋ ಮಗು ಆಟ ಆಡೋ ವಯಸ್ಸಲ್ಲಿ ಮದುವೆ ಆಗಿ, ಆಗಲೇ ವಿಧವೆಯಾಗಿ, ಇಡೀ ಜೀವಮಾನ ಒಂದು ಮನೆಯ ಅಡಿಗೆ ಮನೆಲಿ ಕಳೀತಾಳೆ. ಮುದುಕಿ ಆದ ಮೇಲೆ, ತಲೆ ಬೋಳಿಸ್ಕಳಲ್ಲ ಅಂದ ಇನ್ನೊಬ್ಬ ಹುಡುಗಿ ಪರವಾಗಿ ನಿಲ್ತಾಳೆ. ಇಂದಿರಾ ಇದನ್ನ ತಮ್ಮ ಬಳಗದಲ್ಲೇ ಬದುಕಿದ್ದ ಒಬ್ಬ ಹೆಂಗಸಿನ ಕಥೆಯಿಂದ ಬರೆದದ್ದು, 1976ರಲ್ಲಿ. ಒಂಬತ್ತು ವರ್ಷದ ಮಗುಗೆ ಆಗಬಹುದಾಗಿದ್ದು ಹದಿನಾಲ್ಕು ವರ್ಷದವಳು ಓದಬಾರದು ಅಂದ್ರೆ ಹೆಂಗೆ? ಹತ್ತನೇ ಕ್ಲಾಸ್ ಮುಗಿಯಕ್ಕೆ ಮುಂಚೆ ಮದುವೆ ಮಾತು ಬರೋ ಮನೆಗಳು ಈಗ್ಲೂ ಇವೆ ಅಲ್ದಾ? ಅಂಥ ಮನೆ ಹುಡುಗಿಗೆ ಬೇಡ ಅನ್ನಕ್ಕೆ ಬರ್ತದೆ ಅನ್ನಾದು ಎಲ್ಲೋ ಒಂದು ಪುಸ್ತಕದಲ್ಲಾದ್ರೂ ಸಿಗಲಿ.

ಎಲ್ಲಾ ಪುಸ್ತಕ ಎಲ್ಲಾ ವಯಸ್ಸಿಗೆ ಅಂತ ನಾನು ಹೇಳ್ತಿಲ್ಲ. “ಇದು ಇನ್ನೆರಡು ವರ್ಷ ಬಿಟ್ಟು ಓದು” ಅಂತ ನಾನೂ ಹೇಳಿದ್ದುಂಟು. ಹಂಗೆ ಹೇಳಕ್ಕೆ ನಾನು ಮೊದಲು ಓದಿರಬೇಕಲ್ಲ? ಓದದೆ ಬೇಡ ಅನ್ನೋರ ಮಾತು ಮಕ್ಕಳು ಕೇಳಲ್ಲ. ಓದಿ ಬೇಡ ಅಂದವರ ಹತ್ರ “ಎಂತಕ್ಕೆ ಮಿಸ್?” ಅಂತ ಕೇಳ್ತಾರೆ, ಮಾತು ಮುಂದುವರೀತದೆ. ಆ ತಾಯಿಗೂ ಇದನ್ನೇ ಹೇಳಿದೆ: ನೀವೂ ಓದಿ, ಆಮೇಲೆ ಬೇಡ ಅನ್ಸಿದ್ರೆ ವಾಪಸ್ ಕೊಡಿ. ಪುಸ್ತಕ ಹದಿನೈದು ದಿನ ಬಿಟ್ಟು ಬಂತು. ಯಾರು ಓದಿದ್ರು ಅಂತ ನಾನು ಕೇಳ್ಲಿಲ್ಲ. ಮಧ್ಯದ ಒಂದು ಪುಟದಲ್ಲಿ ಅರಿಶಿನದ ಬೆರಳಚ್ಚು ಇತ್ತು.

ಇನ್ನೊಂದು ಕಾಯಿಲೆ ಇದೆ, ಅದು ನಮ್ಮ ಟೀಚರುಗಳದ್ದೇ. ಕಥೆ ಮುಗೀತಿದ್ದಂಗೆ “ಇದರಿಂದ ನಾವು ಕಲಿಯಬೇಕಾದ ನೀತಿ ಏನು?” ಅಂತ ಕೇಳಾದು. ಈ ಪ್ರಶ್ನೆಗೆ ಮಕ್ಕಳ ಹತ್ರ ರೆಡಿ ಉತ್ತರ ಇರ್ತದೆ: ಹಿರಿಯರಿಗೆ ಗೌರವ ಕೊಡಬೇಕು, ಸುಳ್ಳು ಹೇಳಬಾರದು. ಪುಸ್ತಕ ತೆಗೀದೇನೇ ಬರೀಬಹುದು.

ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ತಗಳಿ. 1935ರದ್ದು. ಶಂಕರ್ ನಾಗ್ ಇದನ್ನ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ನಮ್ಮ ಆಗುಂಬೆಲೇ ತೆಗೆದದ್ದು, ತಾಳಗುಪ್ಪ ಲೈನಿನ ಅರಸಾಳು ಸ್ಟೇಷನ್ನೇ ಅದರಲ್ಲಿ ಮಾಲ್ಗುಡಿ ಸ್ಟೇಷನ್. ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದಾರೆ, ಭಾನುವಾರ ಜನ ಫೋಟೋ ತೆಗೆಸ್ಕಳಕ್ಕೆ ಹೋಗ್ತಾರೆ. ಧಾರಾವಾಹಿ ನೋಡಿದವರಿಗೆ ಸ್ವಾಮಿಯ ತುಂಟತನ ನೆನಪು. ಆದ್ರೆ ಕಾದಂಬರಿ ಕೊನೆ ನೋಡಿ: ಮ್ಯಾಚಿಗೆ ಸಿಗದೇ ಹೋದ ಸ್ವಾಮಿ ಮೇಲೆ ರಾಜಂ ಸಿಟ್ಟಾಗಿ ಮಾತು ಬಿಟ್ಟಿದಾನೆ. ಅವರಪ್ಪನಿಗೆ ವರ್ಗ ಆಗಿ ಊರು ಬಿಟ್ಟು ಹೊರಟಿದಾನೆ. ಸ್ವಾಮಿ ಬೆಳಗಿನ ಜಾವ ಎದ್ದು ಒಂದು ಕಥೆ ಪುಸ್ತಕ ಹಿಡ್ಕಂಡು ಸ್ಟೇಷನ್ನಿಗೆ ಓಡ್ತಾನೆ. ರೈಲು ಹೊರಡ್ತದೆ, ಪುಸ್ತಕ ಹೆಂಗೋ ರಾಜಂ ಕೈ ಸೇರ್ತದೆ. ಅವನು ಕ್ಷಮಿಸಿದ್ನಾ ಇಲ್ವಾ? ಸ್ವಾಮಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ.

ಇದರ ನೀತಿ ಎಂತದು ಹೇಳಿ? ನಾನು ಕ್ಲಾಸಲ್ಲಿ ಕೇಳಿದ್ದು ಬೇರೆ: “ರಾಜಂ ಆ ಪುಸ್ತಕ ಓದಿರ್ತಾನಾ?” ಇಡೀ ಪಿರಿಯಡ್ ಗಲಾಟೆ. ಓದಿರ್ತಾನೆ ಅಂದವರು ಅರ್ಧ, ಕಿಟಕಿಯಿಂದ ಬಿಸಾಕಿರ್ತಾನೆ ಅಂದವರು ಅರ್ಧ. ಒಬ್ಬಳು ಮಾತ್ರ ನಿಧಾನಕ್ಕೆ, “ಬಿಸಾಕಲ್ಲ ಮಿಸ್, ಓದಾದೂ ಇಲ್ಲ. ಇಟ್ಕಂಡಿರ್ತಾನೆ” ಅಂದ್ಲು. ಅವಳ ಪ್ರಾಣಸ್ನೇಹಿತೆ ಆ ವರ್ಷ ಟಿಸಿ ತಗಂಡು ದಾವಣಗೆರೆಗೆ ಹೋಗಿದ್ಲು. ನೀತಿ ಕೇಳಿದ್ರೆ ‘ಸ್ನೇಹ ಮುಖ್ಯ’ ಅಂತ ಬರೆದು ಪುಸ್ತಕ ಮುಚ್ತಿದ್ಲು.

“ಎಸ್ಸೆಸ್ಸೆಲ್ಸಿ ತಲೆ ಮೇಲೆ ಕೂತಿದೆ, ಇದಕ್ಕೆಲ್ಲ ಟೈಮ್ ಎಲ್ಲಿ?” ಅನ್ನೋ ಮಾತೂ ಬರ್ತದೆ. ಒಪ್ತೀನಿ, ನಮ್ಮ ಮೇಲೂ ರಿಸಲ್ಟಿನ ಒತ್ತಡ ಇದೆ. ನನ್ನ ಅನುಭವದಲ್ಲಿ ಮಕ್ಕಳು ಓದಾದು ಬಿಡೋದು ಒಂಬತ್ತನೇ ಕ್ಲಾಸಿಗೆ. ಆ ವರ್ಷ ಬಿಟ್ಟವರು ಪಿಯುಸಿಲಿ ಮತ್ತೆ ಹಿಡ್ಕಳ್ಳಲ್ಲ, ಕೆಲಸಕ್ಕೆ ಸೇರಿದ ಮೇಲಂತೂ ಇಲ್ಲ. ನಮ್ಮತ್ತೆ ಅಕ್ಕಿ ಡಬ್ಬಿ ಹಿಂದೆ ಮುಚ್ಚಿಟ್ಟು ಓದಿದ್ದಕ್ಕೆ ಈಗ ಎಪ್ಪತ್ತೆಂಟಕ್ಕೂ ಓದ್ತಾರೆ. ಟೈಮಿನ ಮಾತಾದ್ರೆ, ವಾರಕ್ಕೆ ಒಂದು ಪಿರಿಯಡ್, ಹತ್ತು ಪುಟ ಸಾಕು.

ಹಂಗಾಗಿ ನಾನು ಕೇಳ್ಕಳಾದು ಇಷ್ಟು. ಶಾಲೆ ಬೀರು ಬೀಗ ತೆಗೀರಿ. ಒಂದು ಅಡ್ಡಹಲಗೆನ ಎಂಟು, ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಅಂತಲೇ ಬಿಡಿ. ‘ಕರ್ವಾಲೊ’, ‘ಜುಗಾರಿ ಕ್ರಾಸ್’, ‘ದ್ವೀಪ’, ‘ಫಣಿಯಮ್ಮ’, ಮೇಲೆ ಹೇಳಿದ ನಾಲ್ಕು ಮಕ್ಕಳ ಕಾದಂಬರಿ ಇಡಿ, ಶುರುವಿಗೆ ಸಾಕು. ಪುಸ್ತಕ ಹರೀತದೆ, ಕಳೀತದೆ, ಅದಕ್ಕೆ ಮಕ್ಕಳನ್ನ ಬೈಬೇಡಿ. ಸಾರಾಂಶ ಬರೆಸ್ಬೇಡಿ. ಯಾರು ಇಷ್ಟ ಆದ್ರು, ಯಾರ ಮೇಲೆ ಸಿಟ್ಟು ಬಂತು ಅಂತ ಮಾತ್ರ ಕೇಳಿ. ಮೊದಲು ನೀವು ಓದಿ. ಪರೀಕ್ಷೆ ಪೇಪರ್ ತಿದ್ದೋ ಕೆಂಪು ಪೆನ್ನು ಪಕ್ಕಕ್ಕಿಟ್ಟು, ನಿಮಗೋಸ್ಕರ ಓದಿ.

ಮನೇಲಿ ಇರೋ ಅಮ್ಮಂದ್ರಿಗೂ ಇದೇ ಮಾತು. ಮಗಳು ಮೊಬೈಲಲ್ಲಿ ಎಂತದೋ ಓದ್ತಾ ನಗ್ತಿದ್ರೆ, ಕಿತ್ಕಳ್ಳೋ ಬದಲು “ಎಂತದೇ ಅದು, ನಂಗೂ ಹೇಳು” ಅನ್ನಿ. ಮೊದಲನೇ ಸಲ ಹೇಳಲ್ಲ, ಮೂರನೇ ಸಲಕ್ಕೆ ಹೇಳ್ತಾಳೆ.

‘ಪೇಪರ್ ಟೌನ್ಸ್’ನ ಕಥೆ ದಿನಾ ರಾತ್ರಿ ಸ್ವಲ್ಪ ಸ್ವಲ್ಪ ಅತ್ತೆಗೆ ಕನ್ನಡದಲ್ಲಿ ಹೇಳ್ತಿದೀನಿ. “ಆ ಹುಡುಗಿ ಅಪ್ಪ ಅಮ್ಮ ಎಂಥಾ ಜನವೇ, ಮಗಳು ಹೋದ್ರೂ ಹುಡುಕಲ್ಲ” ಅಂತ ಅವರಿಗೆ ಸಿಟ್ಟು. ನಾಳೆ ಕೊನೆ ಭಾಗ. ನಮ್ಮೂರ ಕಡೆಯವರು ಯಾರಿಗಾದ್ರೂ ಈ ಪುಸ್ತಕ ಯಾವುದಾದ್ರೂ ಬೇಕಿದ್ರೆ ಮನೆಗೆ ಬನ್ನಿ, ಕಾಫಿ ಕುಡ್ಕಂಡು ತಗಂಡು ಹೋಗಿ. ವಾಪಸ್ ಮಾತ್ರ ಕೊಡಿ ಮಾರಾಯ್ರೆ, ಸರತಿಲಿ ಮಕ್ಕಳು ಕಾಯ್ತಿದಾರೆ.